ಅರ್ಧ ಲಕ್ಷದ ಬೆನ್ನುಚೀಲ ಯಾರಿಗೆ ಬೇಕು?

ಅಮೆರಿಕದ ಕೊಲರಾಡೊ ರಾಜ್ಯದ ನೈಋತ್ಯದಲ್ಲಿ, ಸ್ಯಾನ್ ಹ್ವಾನ್ ಪರ್ವತಗಳ ನಡುವೆ ವೆಮಿನೂಚ್ ಎಂಬ ಕಾಡುಪ್ರದೇಶವಿದೆ. ವಿಸ್ತಾರ ಸುಮಾರು ಐದು ಲಕ್ಷ ಎಕರೆ. ಒಳಗೆ ರಸ್ತೆಯಿಲ್ಲ, ಜೀಪಿಲ್ಲ, ಸೈಕಲ್ಲಿಗೂ ಪ್ರವೇಶವಿಲ್ಲ. ಸೆಪ್ಟೆಂಬರಿನಲ್ಲಿ ಎಲ್ಕ್ ಬೇಟೆಯ ಕಾಲ ಬಂದಾಗ ಪರವಾನಗಿ ಪಡೆದವರು ಡೇರೆ, ಮಲಗುವ ಚೀಲ, ವಾರಕ್ಕಾಗುವಷ್ಟು ಆಹಾರ ಹೊತ್ತು ಮೂರು ಸಾವಿರ ಮೀಟರ್ ಎತ್ತರದ ಈ ಕಣಿವೆಗಳಿಗೆ ನಡೆದೇ ಹೋಗುತ್ತಾರೆ. ಹೋಗುವಾಗ ಬೆನ್ನ ಮೇಲಿರುವುದು ಹದಿನೈದಿಪ್ಪತ್ತು ಕಿಲೋ. ನಿಜವಾದ ಕಷ್ಟ ಶುರುವಾಗುವುದು ಬೇಟೆ ಸಿಕ್ಕಿದ ಮೇಲೆ.

ಎಲ್ಕ್ ನಮ್ಮ ಕಡವೆಯ ಬಳಗಕ್ಕೆ ಸೇರಿದ ಪ್ರಾಣಿ. ಬೆಳೆದ ಗಂಡು ಮುನ್ನೂರು ಕಿಲೋ ದಾಟುತ್ತದೆ. ಚರ್ಮ, ಕರುಳು, ಮೂಳೆ ಎಲ್ಲ ತೆಗೆದ ಮೇಲೂ ಬರೀ ಮಾಂಸ ಎಂಬತ್ತರಿಂದ ನೂರಹತ್ತು ಕಿಲೋ ಉಳಿಯುತ್ತದೆ. ಅದರ ಮೇಲೆ ಕೊಂಬಿನ ತಲೆ, ಬಿಡಾರದ ಸಾಮಾನು. ಗಟ್ಟಿಮುಟ್ಟಾದ ಮನುಷ್ಯ ಒಂದು ಸಲಕ್ಕೆ ಮೂವತ್ತೈದು ಕಿಲೋ ಹೊತ್ತರೂ ನಾಲ್ಕು ಹೊರೆ ಆಗುತ್ತದೆ. ಪ್ರಾಣಿ ಬಿದ್ದದ್ದು ರಸ್ತೆಯಿಂದ ಐದು ಕಿಲೋಮೀಟರ್ ಒಳಗಾದರೆ, ನಾಲ್ಕು ಸಲ ಹೊತ್ತು ಬರುವುದು, ಮೂರು ಸಲ ಬರಿಬೆನ್ನಿನಲ್ಲಿ ಮರಳುವುದು: ಒಟ್ಟು ಮೂವತ್ತೈದು ಕಿಲೋಮೀಟರ್ ನಡಿಗೆ. ಅದರಲ್ಲಿ ಇಪ್ಪತ್ತು ಕಿಲೋಮೀಟರ್ ಪೂರ್ತಿ ಹೊರೆಯೊಡನೆ, ಬಿದ್ದ ಮರಗಳನ್ನು ದಾಟುತ್ತ, ಜಾರುವ ಕಲ್ಲುಗಳ ಮೇಲೆ ಕಾಲೂರುತ್ತ.

ಈ ಲೆಕ್ಕವನ್ನು ಮುಂದಿಟ್ಟುಕೊಳ್ಳದೆ ಬೇಟೆಯ ಬೆನ್ನುಚೀಲದ ಬೆಲೆಯ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಕಿಫಾರು, ಸ್ಟೋನ್ ಗ್ಲೇಶಿಯರ್, ಎಕ್ಸೊ ಮೌಂಟನ್ ಗೇರ್, ಮಿಸ್ಟರಿ ರ‍್ಯಾಂಚ್ ಮುಂತಾದ ಹೆಸರಿನ ಚೀಲಗಳು ಫ್ರೇಮ್ ಸೇರಿ 500ರಿಂದ 800 ಡಾಲರ್‌ವರೆಗೆ ಬೆಲೆಬಾಳುತ್ತವೆ. ನಮ್ಮ ಲೆಕ್ಕದಲ್ಲಿ ಅರ್ಧ ಲಕ್ಷ ರೂಪಾಯಿ, ಕೆಲವು ಇನ್ನೂ ಮೇಲೆ. ಸಾಧಾರಣ ಚಾರಣದ ಒಳ್ಳೆಯ ಚೀಲ ಇದರ ಮೂರನೇ ಒಂದು ಭಾಗಕ್ಕೆ ಸಿಗುತ್ತದೆ. ಇಷ್ಟು ದುಡ್ಡು ಸುರಿಯುವುದು ಶೋಕಿಯೇ ಎಂಬ ಪ್ರಶ್ನೆ ಏಳುವುದು ಸಹಜ. ರಸ್ತೆಯಿಂದ ದೂರ ಹೋಗಿ ದೊಡ್ಡ ಪ್ರಾಣಿಯನ್ನು ಹೊಡೆಯುವವನಿಗೆ ಅದು ಶೋಕಿಯಲ್ಲ. ಕೊಂದದ್ದನ್ನು ಕೆಡಲು ಬಿಡದೆ ಮನೆಗೆ ತರುವ ಹೊಣೆಯ ಭಾಗ. ಆದರೆ ಆ ದುಡ್ಡು ಸರಿಯಾದ ಜಾಗಕ್ಕೆ ಬೀಳಬೇಕು. ಹೆಚ್ಚಿನವರು ಚೀಲವನ್ನು ನೋಡಿ ಕೊಳ್ಳುತ್ತಾರೆ. ನೋಡಬೇಕಾದದ್ದು ಚೀಲದ ಹಿಂದಿರುವ ಫ್ರೇಮನ್ನು ಮತ್ತು ಸೊಂಟಪಟ್ಟಿಯನ್ನು.

ಬೇಟೆಯೆಂದರೆ ಕನ್ನಡದ ಓದುಗರಿಗೆ ನೆನಪಾಗುವ ಚಿತ್ರ ಬೇರೆ. ಮಲೆನಾಡು, ಕೊಡಗುಗಳ ಹಳೆಯ ಬೇಟೆ ಊರವರೆಲ್ಲ ಸೇರಿ ಮಾಡುತ್ತಿದ್ದದ್ದು. ಬಿದ್ದ ಹಂದಿಯನ್ನು ಗಳುವಿಗೆ ಕಟ್ಟಿ ಹೆಗಲು ಬದಲಾಯಿಸುತ್ತ ಹೊತ್ತು ತಂದು, ಪಾಲು ಹಾಕಿ ಹಂಚುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಅಧ್ಯಾಯ ಮುಗಿಯುತ್ತ ಬಂತು, ಮುಗಿದದ್ದು ಸರಿಯೇ ಆಯಿತು. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸ್ಥಿತಿ ಬೇರೆ. ಕೊಲರಾಡೊ ಒಂದರಲ್ಲೇ 2.8 ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ. ಎಷ್ಟು ಪರವಾನಗಿ, ಯಾವ ವಲಯಕ್ಕೆ, ಯಾವ ದಿನಗಳಿಗೆ ಎಂಬುದನ್ನು ರಾಜ್ಯದ ವನ್ಯಜೀವಿ ಇಲಾಖೆಯೇ ಗೊತ್ತುಮಾಡುತ್ತದೆ. ಅಲ್ಲಿ ಬೇಟೆಗಾರ ಸಾಮಾನ್ಯವಾಗಿ ಒಬ್ಬನೇ ಇರುತ್ತಾನೆ, ಇಲ್ಲವೇ ಜೊತೆಗೆ ಒಬ್ಬ ಗೆಳೆಯ. ಗಳು ಹೊರಲು ಊರಿನ ಜನ ಇಲ್ಲ. ಅವರೆಲ್ಲರ ಕೆಲಸವನ್ನು ಒಂದು ಬೆನ್ನು ಮಾಡಬೇಕು.

ಬೆನ್ನೇ ಏಕೆ, ಗಾಡಿ ಏಕಲ್ಲ ಎಂದರೆ ಅದಕ್ಕೊಂದು ಕಾನೂನಿದೆ. 1964ರ ಸೆಪ್ಟೆಂಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವಿಲ್ಡರ್ನೆಸ್ ಆ್ಯಕ್ಟ್ ಪ್ರಕಾರ, ಹಾಗೆ ಘೋಷಿಸಿದ ಕಾಡುಗಳೊಳಗೆ ಮೋಟಾರು ವಾಹನವಷ್ಟೇ ಅಲ್ಲ, ಯಾವುದೇ ಯಾಂತ್ರಿಕ ಸಾಗಣೆಯೂ ನಿಷಿದ್ಧ. ಬೇಟೆಯ ಪ್ರಾಣಿಯನ್ನು ಎಳೆದು ತರುವ ಎರಡು ಚಕ್ರದ ಕೈಗಾಡಿಯೂ ಇದರಲ್ಲೇ ಬಂತು. ಕುದುರೆ, ಹೇಸರಗತ್ತೆ, ಲಾಮಾಗಳಿಗೆ ಅಡ್ಡಿಯಿಲ್ಲ. ಅವಿಲ್ಲದವರಿಗೆ ಉಳಿಯುವುದು ಎರಡು ಕಾಲು, ಒಂದು ಬೆನ್ನು. ವೆಮಿನೂಚ್ ಆಗಲಿ, ಐಡಾಹೊದ ಇಪ್ಪತ್ಮೂರು ಲಕ್ಷ ಎಕರೆಗೂ ಮಿಗಿಲಾದ ಫ್ರ್ಯಾಂಕ್ ಚರ್ಚ್ ಕಾಡಾಗಲಿ, ಎಲ್ಲ ಕಡೆ ಇದೇ ನಿಯಮ.

ಇನ್ನೊಂದು ಕಾನೂನು ಇದಕ್ಕಿಂತ ಮುಖ್ಯ. ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಅಪರಾಧ. ಅಲಾಸ್ಕಾ ಇದರಲ್ಲಿ ಎಲ್ಲರಿಗಿಂತ ಬಿಗಿ. ಮೂಸ್ ಎಂಬ ದೊಡ್ಡ ಜಿಂಕೆಯನ್ನು ಹೊಡೆದವನು ತೊಡೆ, ಮುಂಗಾಲು, ಬೆನ್ನಿನ ಮಾಂಸವಷ್ಟೇ ಅಲ್ಲ, ಕತ್ತು, ಎದೆ, ಪಕ್ಕೆಲುಬಿನ ಮಾಂಸವನ್ನೂ ತರಬೇಕು. ಕೊಂಬು ಬರುವುದು ಮಾಂಸವೆಲ್ಲ ಹೊರಬಂದ ಮೇಲೆ, ಇಲ್ಲವೇ ಕೊನೆಯ ಹೊರೆಯ ಜೊತೆಗೆ. ದೊಡ್ಡ ಗಂಡು ಮೂಸ್‌ನಿಂದ ಇನ್ನೂರು ಕಿಲೋ ಮೀರಿ ಮಾಂಸ ಸಿಗುತ್ತದೆ. ತಪ್ಪಿದರೆ ದಂಡ, ಜೈಲು ಎರಡೂ ಉಂಟು. ಬೇಟೆಯನ್ನು ಒಪ್ಪುವವರು, ಒಪ್ಪದವರು ಇಬ್ಬರೂ ಮೆಚ್ಚಬೇಕಾದ ಕಾನೂನು ಇದು. ಕೊಂಬಿಗಾಗಿ ಕೊಂದು ಮಾಂಸ ಬಿಟ್ಟು ಬರುವವನನ್ನು ಅದು ಬೇಟೆಗಾರನೆಂದು ಕರೆಯಲು ಒಪ್ಪುವುದಿಲ್ಲ.

ಹೊತ್ತು ಕಳೆದಂತೆ ಮಾಂಸ ಕೆಡುತ್ತದೆ ಎಂಬುದು ಮೂರನೆಯ ಒತ್ತಡ. ಸೆಪ್ಟೆಂಬರಿನ ಬಿಲ್ಲು-ಬಾಣದ ಬೇಟೆಯ ದಿನಗಳಲ್ಲಿ ಹಗಲು ಬೆಚ್ಚಗಿರುತ್ತದೆ. ಎಲ್ಕ್‌ನ ಚರ್ಮ ದಪ್ಪ, ತೊಡೆಯ ಮಾಂಸ ಇನ್ನೂ ದಪ್ಪ. ಸೊಂಟದ ಕೀಲಿನ ಸುತ್ತ ಮೈಬಿಸಿ ಬಹಳ ಹೊತ್ತು ಆರುವುದಿಲ್ಲ, ಹುಳಿಯಾಗಲು ತೊಡಗುವುದು ಅಲ್ಲಿಂದಲೇ. ಅದಕ್ಕೇ ಅನುಭವಿಗಳು ಪ್ರಾಣಿ ಬಿದ್ದ ಕೂಡಲೇ ಚರ್ಮ ಸುಲಿದು, ತೊಡೆಗಳನ್ನು ಬಿಡಿಸಿ, ಗಾಳಿಯಾಡುವ ಬಟ್ಟೆಚೀಲದಲ್ಲಿ ನೆರಳಿಗೆ ತೂಗುಹಾಕುತ್ತಾರೆ. ಮೊದಲ ಹೊರೆಯನ್ನು ಆಗಲೇ ಬೆನ್ನಿಗೇರಿಸುತ್ತಾರೆ. ಆ ಗಳಿಗೆಯಲ್ಲಿ ಬೆನ್ನ ಮೇಲೆ ಯಾವ ಚೀಲವಿದೆಯೋ ಅದರಲ್ಲೇ ಮಾಂಸ ಇಳಿಯಬೇಕು.

ಹೊರೆಯನ್ನು ಮೈಗೆ ಹೊಂದಿಸುವ ವಿದ್ಯೆಗೆ ಅಲ್ಲಿ ದೊಡ್ಡ ಚರಿತ್ರೆಯೇ ಇದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಟ್ರ್ಯಾಪರ್ ನೆಲ್ಸನ್ ಎಂಬ, ಮರದ ಪಟ್ಟಿಗೆ ದಪ್ಪ ಬಟ್ಟೆ ಬಿಗಿದ ಹೊರೆಹಲಗೆ ಕಾಡಿನಲ್ಲಿ ಕೆಲಸ ಮಾಡುವವರೆಲ್ಲರ ಬೆನ್ನೇರಿತ್ತು. ಭಾರವೆಲ್ಲ ಹೆಗಲಿನ ಮೇಲೆ. 1952ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಡಿಕ್ ಕೆಲ್ಟಿ ತನ್ನ ಮನೆಯಲ್ಲೇ ಅಲ್ಯೂಮಿನಿಯಂ ಕೊಳವೆಯ ಫ್ರೇಮ್ ಬೆಸೆದು ಚೀಲ ಮಾಡಿ ಮಾರತೊಡಗಿದ. ಬಟ್ಟೆ ಹೊಲಿಯುತ್ತಿದ್ದವಳು ಹೆಂಡತಿ ನೀನಾ. ಹಳೆಯ ಫ್ರೇಮಿನ ಕೆಳತುದಿಗಳನ್ನು ಪ್ಯಾಂಟಿನ ಹಿಂಜೇಬಿಗೆ ಸಿಕ್ಕಿಸಿದಾಗ ಹೆಗಲು ಹಗುರಾಗಿ ಭಾರ ಸೊಂಟಕ್ಕಿಳಿದದ್ದನ್ನು ಗಮನಿಸಿ ಕೆಲ್ಟಿ ಸೊಂಟಪಟ್ಟಿಯ ಕಡೆ ಹೊರಳಿದ ಎಂದು ಹೇಳುತ್ತಾರೆ. 1963ರಲ್ಲಿ ಎವರೆಸ್ಟ್ ಏರಿದ ಅಮೆರಿಕನ್ ತಂಡ ಹೊತ್ತದ್ದು ಕೆಲ್ಟಿಯ ಚೀಲಗಳನ್ನೇ. 1967ರ ಸುಮಾರಿಗೆ ಗ್ರೆಗ್ ಲೋ ಎಂಬಾತ ಫ್ರೇಮನ್ನು ಚೀಲದ ಒಳಗೆ ಅಡಗಿಸಿದ. ಇಂದು ಬೇಟೆಗಾರರು ಕೊಳ್ಳುವ ದುಬಾರಿ ಚೀಲ ಈ ಎರಡರ ಕೂಡಿಕೆ: ಒಳಫ್ರೇಮಿನ ಹಾಗೆ ಮೈಗೆ ಅಂಟಿ ನಿಲ್ಲುತ್ತದೆ, ಹೊರಫ್ರೇಮಿನ ಹಾಗೆ ಭಾರಕ್ಕೆ ಬಾಗದೆ ನಿಲ್ಲುತ್ತದೆ.

ಈ ಚೀಲಗಳಲ್ಲಿರುವ ಒಂದು ಏರ್ಪಾಡು ಬೆಲೆಯನ್ನು ನಿಜಕ್ಕೂ ಸಮರ್ಥಿಸುತ್ತದೆ. ಪಟ್ಟಿಗಳನ್ನು ಸಡಿಲಿಸಿದರೆ ಚೀಲ ಫ್ರೇಮಿನಿಂದ ಹಿಂದೆ ಸರಿಯುತ್ತದೆ. ನಡುವೆ ಒಂದು ಜಾಗ ತೆರೆದುಕೊಳ್ಳುತ್ತದೆ. ಮಾಂಸದ ಮೂಟೆಯನ್ನು ಅಲ್ಲಿಟ್ಟು ಬಿಗಿದರೆ ಭಾರ ಬೆನ್ನಿಗೆ ಒತ್ತಿಕೊಂಡು, ಹೆಗಲೆಲುಬಿನ ಮಟ್ಟಕ್ಕೆ ಹತ್ತಿರ ಕೂರುತ್ತದೆ. ಅದೇ ಮೂವತ್ತೈದು ಕಿಲೋ ಮಾಂಸವನ್ನು ಚಾರಣದ ಚೀಲದ ತಳಕ್ಕೆ ತುಂಬಿದರೆ ಅದು ಕೆಳಗೆ ಜೋತು, ನಡೆಯುವವನನ್ನು ಹಿಂದಕ್ಕೆ ಜಗ್ಗುತ್ತದೆ. ಅವನು ಮುಂದೆ ಬಾಗಿಯೇ ನಡೆಯಬೇಕಾಗುತ್ತದೆ. ಇಳಿಜಾರಿನಲ್ಲಿ ಹಾಗೆ ಬಾಗಿದವನ ಮಂಡಿಗಳು ಬೇಗ ಸೋಲುತ್ತವೆ. ರಕ್ತ, ಜಿಡ್ಡು ಚೀಲದೊಳಗಿನ ಬಟ್ಟೆಬರೆಗೆ ಅಂಟದಿರುವುದು ಇದರ ಇನ್ನೊಂದು ಲಾಭ. ವಯೋಮಿಂಗ್, ಮೊಂಟಾನಾಗಳ ಗ್ರಿಜ್ಲಿ ಕರಡಿಯ ಸೀಮೆಯಲ್ಲಿ ಇದು ಚೊಕ್ಕಟದ ಮಾತಷ್ಟೇ ಆಗಿ ಉಳಿಯುವುದಿಲ್ಲ.

ಕರಡಿಯ ಮಾತು ಬಂದದ್ದರಿಂದ ಹೇಳಬೇಕು: ಅಲ್ಲಿ ಕರಡಿ ಸ್ಪ್ರೇ ಸೊಂಟಪಟ್ಟಿಯಲ್ಲೋ ಎದೆಪಟ್ಟಿಯಲ್ಲೋ ಕೈಗೆ ಕೂಡಲೇ ಸಿಗುವಂತಿರಬೇಕು. ಚೀಲದ ಪಕ್ಕದ ಜೇಬಿನಲ್ಲಿಟ್ಟ ಸ್ಪ್ರೇ ಇದ್ದೂ ಇಲ್ಲದಂತೆ.

ಮಂಡಿಗಿಂತ ಹೆಗಲಿನ ಕಥೆ ಇನ್ನೂ ಗಂಭೀರವಾದದ್ದು. ಭಾರದ ಚೀಲ ಹೊತ್ತ ಸೈನಿಕರ ತೋಳು ಮರಗಟ್ಟಿ, ಕೆಲವೊಮ್ಮೆ ಎತ್ತಲೂ ಆಗದಷ್ಟು ಬಲಗುಂದುವ ತೊಂದರೆಯನ್ನು ಸೇನಾ ವೈದ್ಯರು ಬಹಳ ಹಿಂದೆಯೇ ಗುರುತಿಸಿ ದಾಖಲಿಸಿದ್ದಾರೆ. ಹೆಗಲುಪಟ್ಟಿ ಕತ್ತಿನಿಂದ ತೋಳಿಗೆ ಇಳಿಯುವ ನರಗಳ ಗೊಂಚಲನ್ನು ಅದುಮುವುದೇ ಇದಕ್ಕೆ ಕಾರಣ. ಫ್ರೇಮ್ ಮತ್ತು ಸೊಂಟಪಟ್ಟಿ ಇದ್ದಾಗ ಈ ತೊಂದರೆ ಕಡಿಮೆ ಎಂಬುದೂ ಅವರದೇ ಅನುಭವ. ಹಾಗಾಗಿ ಒಳ್ಳೆಯ ಫ್ರೇಮಿಗೆ ಕೊಡುವ ದುಡ್ಡನ್ನು ಮೈಯ ಆರೋಗ್ಯದ ಖರ್ಚೆಂದೇ ಬರೆದುಕೊಳ್ಳಬೇಕು.

ಆದರೆ ಎಂಟುನೂರು ಡಾಲರಿನ ಫ್ರೇಮೂ ಅಳತೆ ತಪ್ಪಿದರೆ ದಂಡ. ಅಳೆಯಬೇಕಾದದ್ದು ಮನುಷ್ಯನ ಎತ್ತರವನ್ನಲ್ಲ, ಬೆನ್ನಿನ ಉದ್ದವನ್ನು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ, ಸೊಂಟದ ಎರಡೂ ಬದಿಯ ಎಲುಬಿನ ಮೇಲಂಚಿನ ಮಟ್ಟದವರೆಗೆ. ಆರಡಿ ಎತ್ತರದವನ ಬೆನ್ನು ಗಿಡ್ಡವಾಗಿದ್ದು ಕಾಲು ಉದ್ದವಿರಬಹುದು. ಐದೂವರೆ ಅಡಿಯವನ ಬೆನ್ನು ಅದಕ್ಕಿಂತ ಉದ್ದವಿರಬಹುದು. ಸೊಂಟಪಟ್ಟಿಯ ನಡುಭಾಗ ಆ ಎಲುಬಿನಂಚಿನ ಮೇಲೆ ಕೂತು ಅದನ್ನು ತಬ್ಬಬೇಕು. ಕೆಳಗೆ ಜಾರಿದರೆ ತೊಡೆಗೆ ಒತ್ತುತ್ತದೆ, ಮೇಲೆ ಹೋದರೆ ಹೊಟ್ಟೆ ಹಿಸುಕುತ್ತದೆ. ಫ್ರೇಮಿನ ಮೇಲ್ತುದಿ ಹೆಗಲಿಗಿಂತ ಎತ್ತರದಲ್ಲಿರಬೇಕು. ಆಗಲೇ ಅಲ್ಲಿಂದ ಹೆಗಲುಪಟ್ಟಿಗೆ ಇಳಿಯುವ ಸಣ್ಣ ಪಟ್ಟಿಗಳು ಓರೆಯಾಗಿ ಎಳೆದು ಹೆಗಲಿನ ಭಾರ ಎತ್ತುತ್ತವೆ. ಫ್ರೇಮ್ ಗಿಡ್ಡವಾದರೆ ಆ ಪಟ್ಟಿಗಳು ಇದ್ದರೂ ಕೆಲಸಕ್ಕೆ ಬಾರವು. ಬೇರೆ ಬೇರೆ ಎತ್ತರದ ಫ್ರೇಮ್, ಬೇರೆ ಬೇರೆ ಅಳತೆಯ ಸೊಂಟಪಟ್ಟಿ ಕೊಡುವ ತಯಾರಕರನ್ನೇ ಆರಿಸಬೇಕು ಎನ್ನುವುದು ಇದಕ್ಕಾಗಿ. ಒಂದೇ ಅಳತೆ ಎಲ್ಲರಿಗೂ ಹೊಂದುತ್ತದೆ ಎಂದು ಮಾರುವ ಚೀಲವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಬೇಕು. ಹೆಂಗಸರ ಸೊಂಟದ ಇಳಿಜಾರು ಬೇರೆ, ಹೆಗಲಿನ ಅಗಲ ಬೇರೆ. ಗಂಡಸರ ಚೀಲವನ್ನೇ ಚಿಕ್ಕದು ಮಾಡಿ ಕೊಟ್ಟರೆ ಸಾಲದು.

ಬಟ್ಟೆಯ ವಿಷಯಕ್ಕೆ ಇಷ್ಟು ಯೋಚನೆ ಬೇಡ. 500 ಡೆನಿಯರ್ ಕಾರ್ಡುರಾ ನೈಲಾನ್ ಗಟ್ಟಿ, ಕೊಂಬೆ ತಗುಲಿದರೂ ಅಷ್ಟಾಗಿ ಸದ್ದು ಮಾಡದು, ಮಳೆ ಬಿದ್ದರೆ ಸ್ವಲ್ಪ ನೀರು ಕುಡಿಯುತ್ತದೆ. ಹಾಳೆಯಂತೆ ಅಂಟಿಸಿದ ಹೊಸ ಬಟ್ಟೆಗಳು ಹಗುರ, ನೀರು ಒಳಬಿಡವು. ಆದರೆ ಉಜ್ಜಿದರೆ ಸದ್ದು. ಜೇಬು ಹೆಚ್ಚಾದಷ್ಟೂ ಜಿಪ್ಪು ಹೆಚ್ಚು, ಜಿಪ್ಪು ಹೆಚ್ಚಾದಷ್ಟೂ ಕೆಡುವ ಜಾಗ ಹೆಚ್ಚು. ಎಲೆಬಣ್ಣದ ಚಿತ್ತಾರಕ್ಕೆ ಹೆಚ್ಚು ದುಡ್ಡು ಕೊಡುವುದು ಪೂರ್ತಿ ನಷ್ಟ. ಎಲ್ಕ್ ಮನುಷ್ಯನನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ, ಚಲನೆಯಿಂದ.

ಬಣ್ಣ ಇನ್ನೊಂದು ಕಾರಣಕ್ಕೆ ಮುಖ್ಯ. ಬಂದೂಕಿನ ಬೇಟೆಯ ದಿನಗಳಲ್ಲಿ ಕೊಲರಾಡೊದಲ್ಲಿ ಪ್ರತಿಯೊಬ್ಬನೂ ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಬೇಕು, ತಲೆಗೂ ಅದೇ ಬಣ್ಣ. ಆದರೆ ದೊಡ್ಡ ಚೀಲ ಏರಿಸಿದ ಕೂಡಲೇ ಬೆನ್ನಿನ ಕಿತ್ತಳೆಯೆಲ್ಲ ಮುಚ್ಚಿಹೋಗುತ್ತದೆ. ಅದರ ಮೇಲೆ ಕೊಂಬು ಕಟ್ಟಿಕೊಂಡು ಪೊದೆಗಳ ನಡುವೆ ನಡೆದರೆ ದೂರದಿಂದ ನೋಡುವವನ ಕಣ್ಣಿಗೆ ಚಲಿಸುವುದು ಕೊಂಬು ಮಾತ್ರ. ಕೆಲವೇ ಡಾಲರಿನ ಕಿತ್ತಳೆ ಹೊದಿಕೆಯೊಂದನ್ನು ಚೀಲಕ್ಕೆ ಹಾಕಿ, ಕೊಂಬಿಗೆ ಅದೇ ಬಣ್ಣದ ಪಟ್ಟಿ ಸುತ್ತದೆ ಯಾರೂ ಹೊರಡಬಾರದು. ಐನೂರು ಡಾಲರ್ ಕೊಟ್ಟವರು ಇದನ್ನು ಮರೆಯುತ್ತಾರೆ ಎಂಬುದು ಕಳವಳದ ಸಂಗತಿ.

ಹೆಸರಿಗೆ ಎಷ್ಟು ಬೆಲೆ ಕೊಡಬೇಕು? ಈ ಉದ್ಯಮ ಹುಟ್ಟಿದ್ದು ಸಣ್ಣ ಕಾರ್ಯಾಗಾರಗಳಲ್ಲಿ. ಮೊಂಟಾನಾದ ಬೋಜ್‌ಮನ್‌ನಲ್ಲಿ ಡೇನಾ ಗ್ಲೀಸನ್ 1985ರಲ್ಲಿ ಡೇನಾ ಡಿಸೈನ್ ಆರಂಭಿಸಿದರು. ಅದು ದೊಡ್ಡ ಕಂಪನಿಯ ಪಾಲಾದ ಮೇಲೆ 2000ದಲ್ಲಿ ರೆನೆ ಸಿಪ್ಪೆಲ್-ಬೇಕರ್ ಜೊತೆ ಸೇರಿ ಮಿಸ್ಟರಿ ರ‍್ಯಾಂಚ್ ಕಟ್ಟಿದರು. ಸೈನಿಕರು, ಕಾಡ್ಗಿಚ್ಚು ಆರಿಸುವ ಸಿಬ್ಬಂದಿ, ಬೇಟೆಗಾರರು ಅದನ್ನು ನಂಬಿದರು. 2024ರಲ್ಲಿ ಅದನ್ನು ಆಹಾರ ತಣ್ಣಗಿಡುವ ಪೆಟ್ಟಿಗೆಗಳಿಗೆ ಹೆಸರಾದ ಟೆಕ್ಸಾಸಿನ ಯೇಟಿ ಕೊಂಡಿತು. ಅದೇ ಬೋಜ್‌ಮನ್‌ನ ಸ್ಟೋನ್ ಗ್ಲೇಶಿಯರ್ 2022ರಲ್ಲಿ ವಿಸ್ಟಾ ಔಟ್‌ಡೋರ್ ಕೈಸೇರಿತು. ಕೈಬದಲಾದ ಕೂಡಲೇ ಚೀಲ ಕೆಟ್ಟದಾಯಿತೆಂದು ಅರ್ಥವಲ್ಲ. ಆದರೆ ಹತ್ತು ವರ್ಷದ ಹಿಂದಿನ ಬೇಟೆಗಾರನ ಹೊಗಳಿಕೆಯನ್ನು ಇಂದಿನ ಚೀಲಕ್ಕೆ ಹಾಗೇ ಅಂಟಿಸಲಾಗದು. ಹೆಸರನ್ನು ಕೊಳ್ಳುವ ಬದಲು ರಿಪೇರಿಯ ಭರವಸೆಯನ್ನು ಕೊಳ್ಳಬೇಕು: ಬಕಲ್ ಮುರಿದರೆ, ಹೊಲಿಗೆ ಬಿಟ್ಟರೆ, ಯಾರು ಸರಿಮಾಡಿಕೊಡುತ್ತಾರೆ, ಎಷ್ಟು ದಿನದಲ್ಲಿ? ಕೊಲರಾಡೊದಲ್ಲೇ ಹೊಲಿಯುವ ಕಿಫಾರು, ಸೀಕ್ ಔಟ್‌ಸೈಡ್‌ನಂಥವರ ಚೀಲದ ಬೆಲೆಯಲ್ಲಿ ಆ ಕೂಲಿಯೂ ಸೇರಿದೆ, ಅದು ನ್ಯಾಯವೇ. ಚೆನ್ನಾಗಿ ಬಾಳುವ ಫ್ರೇಮಾದ್ದರಿಂದ ಒಬ್ಬರು ಬಳಸಿ ಮಾರಿದ್ದನ್ನು ಕೊಳ್ಳಲೂ ಹಿಂಜರಿಯಬೇಕಿಲ್ಲ.

ಎಲ್ಲರಿಗೂ ಇಂಥ ಚೀಲ ಬೇಕೆಂದರೆ ಅದು ತಪ್ಪು ಸಲಹೆ. ಕೊಲರಾಡೊದಲ್ಲಿ ಎಲ್ಕ್ ಬೇಟೆಗೆ ಹೊರಟ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಮಾತ್ರ ಪ್ರಾಣಿ ಸಿಗುತ್ತದೆ. ಹೊರರಾಜ್ಯದವನಿಗೆ ಪರವಾನಗಿಯೇ 700 ಡಾಲರ್ ಮೀರುತ್ತದೆ. ರಸ್ತೆಯಿಂದ ಒಂದು ಕಿಲೋಮೀಟರ್ ದಾಟದವನಿಗೆ, ಎರಡು ವರ್ಷಕ್ಕೊಮ್ಮೆ ಸಣ್ಣ ಜಿಂಕೆಯ ಬೇಟೆಗೆ ಹೋಗುವವನಿಗೆ ಹಳೆಯ ಮಾದರಿಯ ಸರಳ ಹೊರಫ್ರೇಮ್ ಧಾರಾಳವಾಗಿ ಸಾಕು. 1973ರಲ್ಲಿ ಅಮೆರಿಕದ ಸೇನೆ ಬಳಕೆಗೆ ತಂದ ಆಲಿಸ್ ಚೀಲದ ಫ್ರೇಮು ಇಂದಿಗೂ ಸೇನೆಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಅಲಾಸ್ಕಾದ ಮೂಸ್ ಬೇಟೆಗಾರರು ಚೀಲವೇ ಇಲ್ಲದ ಬರಿಯ ಭಾರಹೊರುವ ಫ್ರೇಮನ್ನು ದೋಣಿಯಲ್ಲೋ ಬಿಡಾರದಲ್ಲೋ ಇಟ್ಟಿರುತ್ತಾರೆ. ಬಿಡಾರದಿಂದ ದೂರದಲ್ಲಿ ಪ್ರಾಣಿ ಬಿದ್ದರೆ ಮೊದಲು ಬರಿಗೈಯಲ್ಲಿ ಬಂದು ಫ್ರೇಮ್ ಒಯ್ಯಬೇಕು ಎನ್ನುವುದೊಂದೇ ಅದರ ಕೊರತೆ.

ಇನ್ನು ಹೊರುವವನ ಮೈ. 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ನೇಪಾಳದ ಹೊರೆಯಾಳುಗಳ ಅಧ್ಯಯನವೊಂದು ಪ್ರಕಟವಾಯಿತು. ಹಣೆಗೆ ಹಾಕಿದ ಪಟ್ಟಿಯಿಂದ ಬಿದಿರಿನ ಬುಟ್ಟಿ ಹೊರುವ ಆ ಗಂಡಸರು ಸರಾಸರಿ ತಮ್ಮ ತೂಕದ ಶೇಕಡಾ 93ರಷ್ಟು, ಹೆಂಗಸರು ಶೇಕಡಾ 66ರಷ್ಟು ಭಾರ ಹೊರುತ್ತಿದ್ದರು. ಅದೇ ಭಾರಕ್ಕೆ ಪಾಶ್ಚಾತ್ಯರ ಮೈ ವ್ಯಯಿಸುವುದಕ್ಕಿಂತ ಕಡಿಮೆ ಶಕ್ತಿಯಲ್ಲಿ. ಅವರ ಬೆನ್ನ ಮೇಲೆ ಕಾರ್ಬನ್ ಫೈಬರ್ ಇರಲಿಲ್ಲ, ಟೈಟಾನಿಯಂ ಇರಲಿಲ್ಲ. ಎಳೆತನದಿಂದ ಬಂದ ಅಭ್ಯಾಸ, ನಿಧಾನ ನಡಿಗೆ, ಹೆಜ್ಜೆಹೆಜ್ಜೆಗೂ ವಿರಾಮ ಇತ್ತು. ವರ್ಷವೆಲ್ಲ ಕುರ್ಚಿಯಲ್ಲಿ ಕೂತು, ಆಗಸ್ಟಿನಲ್ಲಿ ಚೀಲ ಕೊಂಡು, ಸೆಪ್ಟೆಂಬರಿನಲ್ಲಿ ಬೆಟ್ಟ ಹತ್ತುವವನಿಗೆ ಆ ಚೀಲ ಸುಳ್ಳು ಧೈರ್ಯ ಕೊಡುತ್ತದೆ. ಚೀಲ ಭಾರವನ್ನು ಸೊಂಟಕ್ಕೆ ಸಾಗಿಸುತ್ತದೆ, ಒಂದು ಕಿಲೋವನ್ನೂ ಇಳಿಸುವುದಿಲ್ಲ. ನಾಲ್ಕು ತಿಂಗಳ ಮೊದಲೇ ಹತ್ತು ಕಿಲೋದಿಂದ ಶುರುಮಾಡಿ ವಾರವಾರವೂ ಏರಿಸುತ್ತ, ಏರಿನಲ್ಲಿ ಮಾತ್ರವಲ್ಲ ಇಳಿಜಾರಿನಲ್ಲೂ ನಡೆದು ಕಾಲು ಪಳಗಿಸಬೇಕು. ಎಷ್ಟು ದೂರದಿಂದ ಮಾಂಸ ತರಬಲ್ಲೆ ಎಂಬ ಪ್ರಾಮಾಣಿಕ ಉತ್ತರ ಆಗ ತಾನಾಗಿ ಸಿಗುತ್ತದೆ. ಆ ದೂರದಾಚೆ ನಿಂತ ಎಲ್ಕ್‌ಗೆ ಗುರಿ ಇಡಬಾರದು. ಇಲ್ಲವೇ ಹೇಸರಗತ್ತೆ, ಲಾಮಾ ಬಾಡಿಗೆಗೆ ಕೊಡುವವರೊಡನೆ ಹೊರಡುವ ಮೊದಲೇ ಮಾತಾಡಿಟ್ಟಿರಬೇಕು. ಬಹಳ ಮಂದಿಗೆ ಹೊಸ ಚೀಲಕ್ಕಿಂತ ಈ ಖರ್ಚೇ ಹೆಚ್ಚು ಸರಿ.

ಚೀಲವನ್ನೇ ಕೊಳ್ಳುವುದೆಂದು ನಿರ್ಧರಿಸಿದವರು ಬೇಸಿಗೆಯಲ್ಲೇ ಕೊಳ್ಳಲಿ, ಹಿಂದಿರುಗಿಸಲು ಅವಕಾಶವಿರುವ ಕಡೆ ಕೊಳ್ಳಲಿ. ಅಂಗಡಿಯಲ್ಲಿ ಖಾಲಿ ಚೀಲ ಬೆನ್ನಿಗೇರಿಸಿ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ. ಐದು ಕಿಲೋಗೆ ಎಲ್ಲ ಚೀಲವೂ ಹಿತವೇ. ಮನೆಯಲ್ಲಿ ಮರಳಿನ ಮೂಟೆಗಳನ್ನು ಬಟ್ಟೆಯಲ್ಲಿ ಸುತ್ತಿ, ಮೂವತ್ತು ಕಿಲೋ ತೂಗಿ, ಮಾಂಸ ಇಡುವ ಜಾಗದಲ್ಲೇ ಬಿಗಿದು, ಹತ್ತಿರದ ದಿಣ್ಣೆಯನ್ನು ಎರಡು ಗಂಟೆ ಹತ್ತಿ ಇಳಿಯಲಿ. ಸೊಂಟಪಟ್ಟಿ ಜಾರಿದರೆ, ಬೆರಳು ಜೋಮು ಹಿಡಿದರೆ, ಫ್ರೇಮ್ ಕಿರುಗುಟ್ಟಿದರೆ ಪಟ್ಟಿಗಳನ್ನು ಸರಿಪಡಿಸಿ ಇನ್ನೊಂದು ದಿನ ನೋಡಲಿ. ಆಗಲೂ ಹಾಗೇ ಆದರೆ, ಹೆಸರು ಎಷ್ಟೇ ದೊಡ್ಡದಿರಲಿ, ವಾಪಸು ಕಳಿಸಿ ಬೇರೆ ಅಳತೆಯ ಫ್ರೇಮ್ ತರಿಸಿಕೊಳ್ಳಲಿ.